ಫರ್ ಮರದ ನೀಲಿ ಕಲ್ಲುಹೂವು

ಮಸಾಲೆ ಡಬ್ಬಿಯ ಕಲ್ಲುಹೂವನ್ನು ಬಲ್ಲವರಿಗೆ ಲೈಕನ್ ಹೊಸದಲ್ಲ: ಒಂದು ಶಿಲೀಂಧ್ರ, ಅದಕ್ಕೆ ಅನ್ನ ಬೇಯಿಸಿಕೊಡುವ ಪಾಚಿಯೋ ಸಯನೋಬ್ಯಾಕ್ಟೀರಿಯವೋ ಸೇರಿ ಹೂಡಿದ ಸಂಸಾರ ಅದು. ಈ ಸಂಸಾರ ಹೂಡುವುದು ಎಷ್ಟು ಕಷ್ಟವೆಂದು ವಿದ್ಯಾರ್ಥಿಗಳು ಕೇಳಿದಾಗಲೆಲ್ಲ ನಾನು ಹೇಳುವುದು ಎರಿಯೊಡರ್ಮ ಪೆಡಿಸೆಲ್ಲೇಟಮ್ ಎಂಬ ಲೈಕನ್ನಿನ ಕಥೆಯನ್ನು.

ಒಣಗಿದಾಗ ಬೂದುಗಂದು, ನೆನೆದಾಗ ನೀಲಿಬೂದು. ಲೆನ್ಸ್ ಹಿಡಿದರೆ ಮೇಲ್ಮೈಯಲ್ಲಿ ಕಂಬಳಿಯಂಥ ನವಿರು ರೋಮ, ಮೇಲಕ್ಕೆ ಸುರುಳಿಗೊಂಡ ಅಂಚಿನಲ್ಲಿ ಇಣುಕುವ ಬಿಳಿಯ ಅಡಿಭಾಗ, ಗಿಡ್ಡ ತೊಟ್ಟಿನ ಮೇಲೆ ಕೂತ, ಬೀಜಾಣು ಹೆರುವ ಕೆಂಗಂದು ಫಲಕಾಯಗಳು ಕಾಣುತ್ತವೆ. ಹೆಸರಿನ ಅರ್ಥವೂ ಅಷ್ಟೇ: ತೊಟ್ಟುಳ್ಳ ಉಣ್ಣೆದೊಗಲು.

ಕೆನಡಾದ ನ್ಯೂ ಬ್ರನ್ಸ್‌ವಿಕ್‌ನ ಕ್ಯಾಂಪೊಬೆಲ್ಲೊ ದ್ವೀಪದ ಮಾದರಿಯನ್ನು ನೋಡಿ ಫ್ರಾನ್ಸಿನ ಲೈಕನ್ ತಜ್ಞ ಹ್ಯೂ 1911ರಲ್ಲಿ ಇದನ್ನು ಪನ್ನೇರಿಯ ಕುಲಕ್ಕೆ ಸೇರಿಸಿದ್ದರು. ಸ್ಕ್ಯಾಂಡಿನೇವಿಯದಲ್ಲಿ ಸಿಕ್ಕ ಇದೇ ಜೀವಿಗೆ ಸ್ವೀಡನ್ನಿನ ಆಲ್ನರ್ 1948ರಲ್ಲಿ ಎರಿಯೊಡರ್ಮ ಬೋರಿಯಾಲೆ ಎಂದು ಬೇರೆಯೇ ಹೆಸರಿಟ್ಟರು. ಸಾಗರದ ಎರಡು ದಂಡೆಗಳಲ್ಲಿ ಎರಡು ಹೆಸರು ಹೊತ್ತಿದ್ದ ಪ್ರಭೇದ ಒಂದೇ ಎಂದು ನಾರ್ವೆಯ ಯೋರ್ಗೆನ್ಸನ್ 1972ರಲ್ಲಿ ಇತ್ಯರ್ಥ ಮಾಡಿದರು. ಈಗ ಇದರ ಸ್ಥಾನ ಪೆಲ್ಟಿಜೆರೇಲಿಸ್ ಗಣದ ಪನ್ನೇರಿಯೇಸಿ ಕುಟುಂಬದಲ್ಲಿ. ಕುಲದ ಉಳಿದ ಬಂಧುಗಳು ಹೆಚ್ಚಾಗಿ ಉಷ್ಣವಲಯದ ಪರ್ವತವಾಸಿಗಳಾಗಿರುವಾಗ ಇದೊಂದು ಹಿಮದ ನಾಡಿನಲ್ಲಿ ನೆಲೆಸಿದ್ದು ನನಗಂತೂ ಇಂದಿಗೂ ಸೋಜಿಗ.

ಸ್ವೀಡನ್ನಿನಲ್ಲಿ ಇದು ಅಳಿದುಹೋಗಿದೆ, ನಾರ್ವೆಯಲ್ಲಿ ಅತಿ ವಿರಳ. ಅಲಾಸ್ಕದ ಡೆನಾಲಿ ಪ್ರದೇಶದಲ್ಲಿರುವುದು 2009ರಲ್ಲಿ ವರದಿಯಾಯಿತು. ಬಹುಕಾಲ ಇದರ ಮುಖ್ಯ ಆಸರೆಯೆಂದು ತಿಳಿದಿದ್ದುದು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪ. ಅಲ್ಲಿ ಮಂಜು ಆರದ, ನೆಲದಲ್ಲಿ ಸ್ಫ್ಯಾಗ್ನಮ್ ಹಾವಸೆ ಹಾಸಿದ ತಂಪು ಇಳಿಜಾರುಗಳ ಬಾಲ್ಸಮ್ ಫರ್ ಎಂಬ ಸೂಜಿಯೆಲೆಯ ಮರಗಳೇ ಇದರ ಮನೆ.

ಅನೇಕ ಲೈಕನ್‌ಗಳು ಇಬ್ಬರೂ ಪಾಲುದಾರರನ್ನು ಒಟ್ಟಿಗೆ ಕಟ್ಟಿದ ಪುಡಿಯನ್ನು ಉದುರಿಸಿ ಹಬ್ಬುತ್ತವೆ. ಇದಕ್ಕೆ ಆ ಸೌಕರ್ಯವಿಲ್ಲ. ಬರೀ ಶಿಲೀಂಧ್ರದ ಬೀಜಾಣು ಹಾರಿ, ಫರ್ ತೊಗಟೆಗೆ ಬಿದ್ದು, ತಕ್ಕ ಸಯನೋಬ್ಯಾಕ್ಟೀರಿಯವನ್ನು ಪ್ರತಿ ಸಲವೂ ಹೊಸದಾಗಿ ಹುಡುಕಿಕೊಳ್ಳಬೇಕು. ತೊಗಟೆಗಂಟಿದ ಫ್ರುಲೇನಿಯ ಎಂಬ ಲಿವರ್‌ವರ್ಟ್‌ನ (ಹಾವಸೆಯ ಬಂಧುವಾದ ಪುಟ್ಟ ಸಸ್ಯ) ಪುಟ್ಟ ನೀರುಚೀಲಗಳೇ ಈ ಜೋಡಿ ಕೂಡುವ ತಾಣವೆಂದು ಬಲ್ಲವರು ಭಾವಿಸಿದ್ದಾರೆ. ಹೀಗಾಗಿ ಗಂಧಕದ ಹೊಗೆ, ಆಮ್ಲಮಳೆ ತೊಗಟೆಯನ್ನು ಹುಳಿಯಾಗಿಸಿದರೆ ಅಥವಾ ಮರ ಕಡಿದು ತೇವ ಆರಿದರೆ, ಲೈಕನ್ನನ್ನು ಯಾರೂ ಮುಟ್ಟದಿದ್ದರೂ ಅದರ ಮುಂದಿನ ಪೀಳಿಗೆ ನಿಂತುಹೋಗುತ್ತದೆ. 2003ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪುಪಟ್ಟಿ ಇದನ್ನು ತೀವ್ರ ಅಪಾಯದಂಚಿನ ಪ್ರಭೇದವೆಂದು ದಾಖಲಿಸಿತು. ಫರ್ ದೀರ್ಘಾಯುಷಿಯಲ್ಲ, ಹಳೆಯ ಮರ ಉರುಳುವುದರೊಳಗೆ ಪಕ್ಕದ ಸಸಿ ಬೆಳೆದು ನಿಂತಿರಬೇಕು. ಆ ಸಸಿಗಳನ್ನು ಮೇಯುತ್ತಿರುವುದು ಒಂದು ಶತಮಾನದ ಹಿಂದೆ ಮನುಷ್ಯರೇ ದ್ವೀಪಕ್ಕೆ ತಂದುಬಿಟ್ಟ ಮೂಸ್ ಎಂಬ ದೈತ್ಯ ಜಿಂಕೆ.