ಡಯಾಬಿಟಿಸ್ ಇರುವವರ ಮನೆಗೆ ದೀಪಾವಳಿಗೆ ಏನು ಒಯ್ಯಲಿ?

ಓದುಗರ ಪ್ರಶ್ನೆ: ನಾವು ಮಾಟುಂಗದಲ್ಲಿದ್ದೇವೆ. ಪ್ರತಿ ದೀಪಾವಳಿಗೆ ಡೊಂಬಿವಲಿಯ ಸೋದರಮಾವನ ಮನೆಗೆ ಹೋಗುವುದು ರೂಢಿ. ಮಾವನಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಹಬ್ಬದ ದಿನ ಬರಿಗೈಲಿ ಹೋಗೋಕೆ ಮನಸ್ಸು ಬರುವುದಿಲ್ಲ. ಶುಗರ್ ಫ್ರೀ ಸ್ವೀಟ್ ಬಾಕ್ಸ್ ಒಯ್ದರೆ ಸರಿಯಾ? ಇಲ್ಲಾ ಡ್ರೈಫ್ರೂಟ್ಸೇ ಒಳ್ಳೆಯದಾ?

ಉತ್ತರ: ಮೊದಲು ನೇರ ಮಾತು. ಶುಗರ್ ಫ್ರೀ ಸ್ವೀಟ್ ಬೇಡ. ಡ್ರೈಫ್ರೂಟ್ಸ್ ಒಯ್ಯಬಹುದು, ಆದರೆ ಅಂಗಡಿಯವರು ಮೊದಲೇ ಕಟ್ಟಿಟ್ಟ ಡಬ್ಬಿ ಬೇಡ, ನೀವೇ ನಿಂತು ಆರಿಸಿ ಕಟ್ಟಿಸಿ. ನನ್ನನ್ನು ಕೇಳಿದರೆ, ಎರಡನ್ನೂ ಬಿಟ್ಟು ಒಂದು ಬಾಟಲಿ ಅಗಸಿ ಚಟ್ನಿಪುಡಿ, ಕಾಲು ಕಿಲೋ ಕಾಫಿಪುಡಿ ಒಯ್ಯಿರಿ ಅನ್ನುತ್ತೇನೆ. ಯಾಕೆ ಅಂತ ಹೇಳುತ್ತೇನೆ ಕೇಳಿ.

ನಮ್ಮ ಮನೆಯಲ್ಲೂ ಡಯಾಬಿಟಿಸ್ ಇದೆ. ಅಪ್ಪ ಮುಲುಂಡಿನಲ್ಲಿ ನಮ್ಮ ಜೊತೆಗೇ ಇರುತ್ತಾರೆ. ಕೆಲವು ವರ್ಷದ ಹಿಂದಿನ ದೀಪಾವಳಿಗೆ ಬೇಕಾದವರೊಬ್ಬರು ಅಪ್ಪನಿಗೆ ಅಂತಲೇ ಒಂದು ಡಬ್ಬಿ ತಂದರು. ಮುಚ್ಚಳದ ಮೇಲೆ ಹಸಿರು ಅಕ್ಷರದಲ್ಲಿ ಶುಗರ್ ಫ್ರೀ ಅಂತ ಇತ್ತು. ಒಳಗೆ ಅಂಜೂರದ ರೋಲ್, ಖರ್ಜೂರದ ಬರ್ಫಿ. ವರ್ಷಗಟ್ಟಲೆ ಸಿಹಿ ಕಂಡರೆ ಬೇಡ ಅಂತ ಕೈ ಅಡ್ಡ ಹಿಡಿದ ಮನುಷ್ಯ ಅಂದು ಎಷ್ಟು ಖುಷಿಪಟ್ಟರು! ಊಟ ಆದಮೇಲೆ ಎರಡು, ಚಹಾದ ಜೊತೆ ಎರಡು. ಸಂಜೆ ಬೆರಳು ಚುಚ್ಚಿ ನೋಡಿದರೆ ಮೀಟರ್ 280 ತೋರಿಸಿತು. ಕೈಗೆ ಅಂಟು ಇರಬೇಕು ಅಂತ ಸೋಪು ಹಾಕಿ ತೊಳೆದು, ಒರೆಸಿ, ಇನ್ನೊಂದು ಬೆರಳು ಚುಚ್ಚಿಕೊಂಡರು. 276. ಏನೂ ಮಾತಾಡದೆ ಡಬ್ಬಿಗೆ ಮುಚ್ಚಳ ಹಾಕಿ ನನ್ನ ಕಡೆ ಸರಿಸಿದರು. ತಂದವರ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಅಪ್ಪನ ತಪ್ಪೂ ಇರಲಿಲ್ಲ. ಎಲ್ಲರೂ ನಂಬಿದ್ದು ಆ ಮುಚ್ಚಳವನ್ನು.

ಆಗಿದ್ದು ಇಷ್ಟೇ. ಚಮಚದಲ್ಲಿ ಹಾಕುವ ಬಿಳಿ ಸಕ್ಕರೆ ಅದರಲ್ಲಿ ಇರಲಿಲ್ಲ, ನಿಜ. ಆದರೆ ಖರ್ಜೂರವೇ ಸಕ್ಕರೆಯ ಗಣಿ. 100 ಗ್ರಾಂ ಖರ್ಜೂರದಲ್ಲಿ 60 ಗ್ರಾಂಗೂ ಜಾಸ್ತಿ ಸಕ್ಕರೆ ಇರುತ್ತದೆ. ಒಣ ಅಂಜೂರದಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಸಕ್ಕರೆಯೇ. ರಕ್ತಕ್ಕೆ ಇದು ಹಣ್ಣಿನದು, ಇದು ಕಬ್ಬಿನದು ಅನ್ನುವ ಭೇದ ಗೊತ್ತಾಗುವುದಿಲ್ಲ.

ಪ್ಯಾಕೆಟ್ ಮೇಲಿನ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ನಮ್ಮ ದೇಶದ ಆಹಾರ ನಿಯಮದ ಪ್ರಕಾರ, 100 ಗ್ರಾಂ ತಿನಿಸಿನಲ್ಲಿ ಅರ್ಧ ಗ್ರಾಂಗಿಂತ ಜಾಸ್ತಿ ಸಕ್ಕರೆ ಇದ್ದರೆ ಅದನ್ನು ಶುಗರ್ ಫ್ರೀ ಅಂತ ಕರೆಯುವ ಹಾಗಿಲ್ಲ. ನೋ ಆಡೆಡ್ ಶುಗರ್ ಅನ್ನುವುದು ಬೇರೆ ಮಾತು. ಮೇಲಿಂದ ಸಕ್ಕರೆ ಹಾಕಿಲ್ಲ ಅಂತ ಮಾತ್ರ ಅದರ ಅರ್ಥ. ಒಳಗೆ ಮೊದಲೇ ಇರುವ ಸಕ್ಕರೆ ಎಲ್ಲಿಗೂ ಹೋಗುವುದಿಲ್ಲ. ಹಬ್ಬದ ಗಡಿಬಿಡಿಯಲ್ಲಿ ಈ ಎರಡೂ ಒಂದೇ ಅನ್ನಿಸಿಬಿಡುತ್ತವೆ.

ಇನ್ನು ನಿಯಮದ ಪ್ರಕಾರವೇ ಶುಗರ್ ಫ್ರೀ ಆದ ತಿನಿಸು ಇದೆ ಅನ್ನಿ. ಅದರಲ್ಲೂ ಮೈದಾ ಇದ್ದರೆ, ಅಕ್ಕಿಹಿಟ್ಟು ಇದ್ದರೆ, ಆ ಪಿಷ್ಟ ಹೊಟ್ಟೆಯಲ್ಲಿ ಗ್ಲೂಕೋಸ್ ಆಗಿಯೇ ಆಗುತ್ತದೆ. ಅದಕ್ಕೇ ಪ್ಯಾಕೆಟ್ ತಿರುಗಿಸಿ ಹಿಂದೆ ನೋಡಿ. ಸಕ್ಕರೆ ಅನ್ನುವ ಸಾಲಿನಲ್ಲೇ ನಿಲ್ಲಬೇಡಿ. ಒಟ್ಟು ಕಾರ್ಬೋಹೈಡ್ರೇಟ್ ಎಷ್ಟು, ನಾರು ಎಷ್ಟು ಅನ್ನುವ ಸಾಲು ಓದಿ. ಸಕ್ಕರೆ ಬದಲು ಸಿಹಿಗೆ ಹಾಕುವ ಮಾಲ್ಟಿಟಾಲ್ ಅನ್ನುವ ಹೆಸರು ಕಂಡರೆ ಅದೂ ಸ್ವಲ್ಪ ಮಟ್ಟಿಗೆ ರಕ್ತದ ಸಕ್ಕರೆ ಏರಿಸುತ್ತದೆ, ಜಾಸ್ತಿ ತಿಂದರೆ ಹೊಟ್ಟೆ ಕೆಡಿಸುತ್ತದೆ. ಹೆಚ್ಚು ತೊಂದರೆ ಇರುವುದು ಶುಗರ್ ಫ್ರೀ ಅನ್ನುವ ಹೆಸರಿನಲ್ಲೇ ಅಂತ ನನಗೆ ಅನ್ನಿಸುತ್ತದೆ. ಮಾಮೂಲಿ ಪೇಡೆ ಕೊಟ್ಟರೆ ಡಯಾಬಿಟಿಸ್ ಇರುವವರು ಚೂರು ಮುರಿದು ಬಾಯಿಗೆ ಹಾಕಿಕೊಂಡು ಸುಮ್ಮನಾಗುತ್ತಾರೆ. ಶುಗರ್ ಫ್ರೀ ಅಂತ ಬರೆದಿದ್ದರೆ ನಾಲ್ಕು ತಿನ್ನುತ್ತಾರೆ.

ಬೆಲ್ಲದ ಮಾತೂ ಇದೇ. ಸಕ್ಕರೆ ಬೇಡ, ಬೆಲ್ಲದ್ದು ತಂದಿದ್ದೇವೆ ಅಂತ ಎಷ್ಟು ಮನೆಯಲ್ಲಿ ಕೇಳಿಲ್ಲ? ಬೆಲ್ಲದಲ್ಲಿ ಬಹುಪಾಲು ಸಕ್ಕರೆಯೇ ಇರುವುದು. ಗೋಕಾಕದ ಕರದಂಟು ನಮ್ಮ ಕಡೆಯ ಹೆಮ್ಮೆ, ಅಂಟು, ಗೋಡಂಬಿ, ಬಾದಾಮಿ ಎಲ್ಲ ಇರುತ್ತದೆ, ಬಾಣಂತಿಗೆ ಕೊಡಲಿ, ಬೆಳೆಯುವ ಮಕ್ಕಳಿಗೆ ಕೊಡಲಿ. ಆದರೆ ಅದನ್ನು ಹಿಡಿದಿಟ್ಟಿರುವುದು ಬೆಲ್ಲದ ಪಾಕ. ರಾಗಿ ಲಡ್ಡು, ಜೇನುತುಪ್ಪದ ಬಾಟಲಿ, ಇವೂ ಅದೇ ಸಾಲಿನವು. ಈಗೀಗ ಎಲ್ಲರೂ ಕೊಡುವ ಮಖಾನಾ ಕೂಡ ಮುಕ್ಕಾಲು ಭಾಗ ಕಾರ್ಬೋಹೈಡ್ರೇಟ್. ಹಗುರ ಇರುವುದರಿಂದ ಒಂದು ಸಣ್ಣ ಬಟ್ಟಲು ತಿಂದರೆ ಅಷ್ಟೇನೂ ಆಗುವುದಿಲ್ಲ. ಡಬ್ಬಿ ಮಡಿಲಲ್ಲಿಟ್ಟುಕೊಂಡು ಟಿವಿ ಮುಂದೆ ಕೂತರೆ ಲೆಕ್ಕ ತಪ್ಪುತ್ತದೆ.

ಹಾಗಾದರೆ ಖಾರದ್ದು ಒಯ್ಯೋಣ ಅನ್ನಿಸಬಹುದು. ಮುಂಬಯಿಯಲ್ಲಿ ದೀಪಾವಳಿ ಅಂದರೆ ಫರಾಳದ ತಟ್ಟೆ, ಅಲ್ವಾ? ಚಕ್ಕುಲಿ, ಅವಲಕ್ಕಿ ಚಿವಡಾ, ಶೇವು. ಸಿಹಿ ಇಲ್ಲದ ಮಾತ್ರಕ್ಕೆ ಇವು ನಿರಪಾಯ ಅಂತಲ್ಲ. ಚಕ್ಕುಲಿಯ ಹಿಟ್ಟಿನಲ್ಲಿ ಅಕ್ಕಿಯದೇ ದೊಡ್ಡ ಪಾಲು, ಅವಲಕ್ಕಿ ಅಂದರೂ ಅಕ್ಕಿಯೇ. ಮೇಲಿಂದ ಎಣ್ಣೆ, ಉಪ್ಪು. ಒಂದು ಚಕ್ಕುಲಿ ತಿಂದರೆ ಯಾರೂ ಬೈಯುವುದಿಲ್ಲ, ಆದರೆ ಒಂದು ಕಿಲೋ ಕಟ್ಟಿಸಿಕೊಂಡು ಹೋಗುವ ವಸ್ತು ಅದಲ್ಲ.

ಡ್ರೈಫ್ರೂಟ್ಸ್ ಬಗ್ಗೆ ಕೇಳಿದ್ದೀರಿ. ನಾಲ್ಕು ಖಾನೆಯ ಸಿದ್ಧ ಡಬ್ಬಿಯಲ್ಲಿ ಸಾಮಾನ್ಯವಾಗಿ ಒಂದು ಖಾನೆ ಒಣದ್ರಾಕ್ಷಿಗೆ, ಇನ್ನೊಂದು ಉಪ್ಪು ಹಚ್ಚಿದ ಗೋಡಂಬಿಗೆ ಹೋಗುತ್ತದೆ. ಅದರ ಬದಲು ಕ್ರಾಫರ್ಡ್ ಮಾರ್ಕೆಟ್ಟಿಗೋ ಮಸ್ಜಿದ್ ಬಂದರಿಗೋ ಹೋಗಿ ಬಾದಾಮಿ, ಅಕ್ರೋಟ್, ಉಪ್ಪಿಲ್ಲದ ಪಿಸ್ತಾ ಮೂರೇ ತೂಗಿಸಿ. 30 ಗ್ರಾಂ ಬಾದಾಮಿ ಅಂದರೆ ಒಂದು ಮುಷ್ಟಿ. ಅದರಲ್ಲಿ ಸುಮಾರು 6 ಗ್ರಾಂ ಕಾರ್ಬೋಹೈಡ್ರೇಟ್, ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ನಾರು. ಅಕ್ರೋಟಿನಲ್ಲಿ ಇನ್ನೂ ಕಮ್ಮಿ. ಗೋಡಂಬಿಯಲ್ಲಿ 9 ಗ್ರಾಂ ಹತ್ತಿರ, ಹಾಗಂತ ಅದು ವಿಷವೇನಲ್ಲ. ಪಿಸ್ತಾ ಸಿಪ್ಪೆ ಸಮೇತ ಕೊಡಿ. ಒಂದೊಂದೇ ಬಿಡಿಸಿ ತಿನ್ನುವಾಗ ಕೈ ತಾನೇ ನಿಧಾನವಾಗುತ್ತದೆ.

ಇಲ್ಲಿ ಒಂದು ಮಾತು ಮರೆಯಬೇಡಿ. ಹತ್ತು ವರ್ಷದ ಡಯಾಬಿಟಿಸ್ ಅಂದಿರಿ. ಕೆಲವರಿಗೆ ಅಷ್ಟರಲ್ಲಿ ಕಿಡ್ನಿಗೂ ತೊಂದರೆ ಬಂದಿರುತ್ತದೆ. ಅಂಥವರಿಗೆ ಡಾಕ್ಟರು ಪೊಟ್ಯಾಷಿಯಂ, ರಂಜಕ ಕಮ್ಮಿ ಮಾಡಿ ಅಂದಿದ್ದರೆ ಬಾದಾಮಿ, ಪಿಸ್ತಾ, ಎಳನೀರು ಯಾವುದೂ ನಡೆಯುವುದಿಲ್ಲ, ಅಗಸಿಯೂ ಕೇಳಿಯೇ ಕೊಡಬೇಕು. ಬಿಪಿ ಇದ್ದರೆ ಉಪ್ಪಿನಕಾಯಿ, ಹಪ್ಪಳ ಬೇಡ. ಹೋಗುವ ಮುಂಚೆ ಅತ್ತೆಗೆ ಒಂದು ಫೋನ್ ಮಾಡಿ. ಮಾವನಿಗೆ ಬೇಡ, ಅತ್ತೆಗೇ ಮಾಡಿ. ಮಾವ ಯಾವಾಗಲೂ, ಅಯ್ಯೋ ಏನೂ ಬೇಡ, ನೀವು ಬನ್ನಿ ಸಾಕು ಅಂತಲೇ ಹೇಳುವುದು.

ನೀವಿರುವುದು ಮಾಟುಂಗದಲ್ಲಿ. ಅದು ನಿಮ್ಮ ಪುಣ್ಯ. ಸ್ಟೇಷನ್ ಹತ್ತಿರದ ಮಾರ್ಕೆಟ್ಟಿನಲ್ಲಿ ಒಂದು ಸುತ್ತು ಹಾಕಿದರೆ ಊರಿನ ಸಂತೆಯೇ ಸಿಗುತ್ತದೆ. ಕಣ್ಣೆದುರೇ ಬೀಜ ಪುಡಿ ಮಾಡಿ, ಬಿಸಿ ಇರುವಾಗಲೇ ಕಟ್ಟಿಕೊಡುವ ಕಾಫಿಪುಡಿ. ಬಾಳೆದಿಂಡು, ಬಾಳೆಹೂವು, ಬೂದುಗುಂಬಳ, ಎಳೆ ನುಗ್ಗೆ. ಊರು ಬಿಟ್ಟು ನಲವತ್ತು ವರ್ಷ ಆದವರಿಗೆ ಒಂದು ಬಾಳೆದಿಂಡು ಕೊಟ್ಟು ನೋಡಿ. ಕೋಸಂಬರಿ ಮಾಡೋಣವಾ, ಪಲ್ಯ ಮಾಡೋಣವಾ ಅಂತ ಅಲ್ಲೇ ಮಾತು ಶುರುವಾಗುತ್ತದೆ. ಕಾಫಿಪುಡಿ ಚೀಲದ ಬಾಯಿ ಬಿಚ್ಚಿದಾಗ ಬರುವ ಘಮಕ್ಕೆ ಸಕ್ಕರೆ ಬೇಕಿಲ್ಲ. ಮಾವ ಸಕ್ಕರೆ ಇಲ್ಲದೆ ಕುಡಿಯಲಿ, ಅತ್ತೆ ಹಾಕಿಕೊಂಡು ಕುಡಿಯಲಿ, ಡಿಕಾಕ್ಷನ್ ಇಬ್ಬರಿಗೂ ಒಂದೇ. ಕರಾವಳಿಯವರಾಗಿದ್ದು, ಹಬ್ಬದ ಪೂಜೆಯ ದಿನ ಅಲ್ಲದಿದ್ದರೆ, ಒಳ್ಳೆ ಅಂಜಲ್ ಮೀನು ಕತ್ತರಿಸಿಕೊಂಡು ಹೋಗಿ. ಮೀನಿನಲ್ಲಿ ಕಾರ್ಬೋಹೈಡ್ರೇಟ್ ಇಲ್ಲವೇ ಇಲ್ಲ ಅನ್ನಬಹುದು. ಮಾವಿನ ಕಾಲದಲ್ಲಿ ಹೋಗುವುದಾದರೆ ಆಪೂಸಿನ ಇಡೀ ಪೆಟ್ಟಿಗೆ ಬೇಡ. ಡಜನ್ ಹಣ್ಣು ಒಟ್ಟಿಗೇ ಹಣ್ಣಾಗಿ, ಕೆಡುತ್ತದಲ್ಲ ಅಂತ ದಿನಕ್ಕೆರಡು ತಿನ್ನುವ ಹಾಗಾಗುತ್ತದೆ. ನಾಲ್ಕೇ ಹಣ್ಣು ಕೊಡಿ. ಪೇರಲೆ ಆದರೆ ಧಾರಾಳವಾಗಿ ಕೊಡಬಹುದು.

ಇನ್ನೊಂದು ಸಂಗತಿ ಜನ ಯೋಚಿಸುವುದೇ ಇಲ್ಲ. ಡಯಾಬಿಟಿಸ್ ಇರುವವರಿಗೆ ಕೆಲವೊಮ್ಮೆ ಸಕ್ಕರೆಯೇ ಔಷಧಿ. ಇನ್ಸುಲಿನ್ ತಗೊಳ್ಳುವವರಿಗೆ, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರಿಗೆ ಊಟ ತಡವಾದರೆ ಸಕ್ಕರೆ 70ಕ್ಕಿಂತ ಕೆಳಗೆ ಇಳಿಯಬಹುದು. ಕೈ ನಡುಗುತ್ತದೆ, ಬೆವರು ಬರುತ್ತದೆ, ಮಾತು ತೊದಲುತ್ತದೆ. ಆಗ 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಬೇಕು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಆ ಹೊತ್ತಿಗೆ ಬಾದಾಮಿ, ಚಾಕೊಲೇಟ್ ಕೆಲಸಕ್ಕೆ ಬರುವುದಿಲ್ಲ, ಅದರ ಕೊಬ್ಬು ಸಕ್ಕರೆಯನ್ನು ನಿಧಾನ ಮಾಡುತ್ತದೆ. ವೋಗ್ಲಿಬೋಸ್ ಮಾತ್ರೆ ತಗೊಳ್ಳುವವರಿಗೆ ಅಡುಗೆಮನೆಯ ಸಕ್ಕರೆಯೂ ತಡ ಮಾಡುತ್ತದೆ, ಗ್ಲೂಕೋಸೇ ಬೇಕು. ಮುಂಬಯಿಯಲ್ಲಿ ದಾರಿಯಲ್ಲಿ ಸಿಕ್ಕಿಬಿದ್ದು ಊಟ ತಡವಾಗುವುದು ದೂರದ ಮಾತಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಎಷ್ಟೋ ಜನ ರಾತ್ರಿಯಿಡೀ ನಡೆದು ಮನೆ ಸೇರಿದರು. ಪ್ರತಿ ಮಳೆಗಾಲದಲ್ಲೂ ಲೋಕಲ್ ಟ್ರೇನು ಒಂದಲ್ಲ ಒಂದು ದಿನ ನಡುದಾರಿಯಲ್ಲಿ ನಿಲ್ಲುತ್ತದೆ. ಮಾವ ಈಗಲೂ ಡೊಂಬಿವಲಿಯಿಂದ ಓಡಾಡುವವರಾದರೆ ಜೇಬಿನಲ್ಲಿ ಹಿಡಿಯುವಷ್ಟು ಗ್ಲೂಕೋಸ್ ಪೊಟ್ಟಣ ಎರಡು ಚೀಲದಲ್ಲಿ ಸೇರಿಸಿ. ಯಾಕೆ ಅಂತ ಬಾಯಿಬಿಟ್ಟು ಹೇಳಿಯೇ ಕೊಡಿ.

ಕೊಡುವಾಗ ಆಡುವ ಮಾತೂ ಮುಖ್ಯ. ಇದು ನಿಮಗೆ ಅಂತಲೇ ಬೇರೆ ತಂದಿದ್ದು ಮಾವ ಅನ್ನಬೇಡಿ. ಎಲ್ಲರೆದುರು ಕಾಯಿಲೆಯ ಹೆಸರು ಹಿಡಿದು ಕರೆದ ಹಾಗಾಗುತ್ತದೆ. ಚೀಲ ಅತ್ತೆಯ ಕೈಗೆ ಕೊಡಿ, ಮನೆಗೆ ತಂದೆ ಅನ್ನಿ. ಹಾಗೇ ಅವರ ಮನೆಯಲ್ಲಿ ಹಬ್ಬದ ಹೋಳಿಗೆ ಮಾಡಿದ್ದು, ಮಾವ ಚೂರು ತಿಂದರೆ ನೋಡಿಯೂ ನೋಡದ ಹಾಗಿರಿ. ಒಂದು ತಿಂದ್ರೆ ಏನೂ ಆಗಲ್ಲ ತಗೊಳ್ಳಿ ಅಂತ ಬಲವಂತ ಮಾಡುವುದೂ ಬೇಡ, ನಿಮಗೆ ಶುಗರ್ ಅಲ್ವಾ ಅಂತ ತಟ್ಟೆ ಸರಿಸುವುದೂ ಬೇಡ. ಅವರ ಲೆಕ್ಕ ಅವರಿಗೆ ಗೊತ್ತಿರುತ್ತದೆ.

ಇನ್ನು ಚಟ್ನಿಪುಡಿ. ಉತ್ತರ ಕರ್ನಾಟಕದ ಮನೆಗಳಲ್ಲಿ ರೊಟ್ಟಿ ಇದ್ದಲ್ಲಿ ಇದು ಇದ್ದೇ ಇರುತ್ತದೆ. 100 ಗ್ರಾಂ ಅಗಸಿಯಲ್ಲಿ ಕಾರ್ಬೋಹೈಡ್ರೇಟ್ ಸುಮಾರು 29 ಗ್ರಾಂ, ಅದರಲ್ಲಿ 27 ಗ್ರಾಂ ಬರೀ ನಾರು. ಎರಡು ಬಟ್ಟಲು ಅಗಸಿಯನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಚಟಚಟ ಅಂತ ಸಿಡಿಯುತ್ತದೆ. ಸದ್ದು ಕಮ್ಮಿಯಾಗುತ್ತಾ ಬಂದಾಗ ಇಳಿಸಿ, ಇನ್ನೊಂದು ನಿಮಿಷ ಬಿಟ್ಟರೆ ಕಹಿ. ಹತ್ತು ಬ್ಯಾಡಗಿ ಮೆಣಸಿನಕಾಯಿ, ಒಂದು ಚಮಚ ಜೀರಿಗೆ, ಒಂದು ಹಿಡಿ ಕರಿಬೇವು ಬೇರೆ ಬೇರೆ ಹುರಿದು, ಪೂರ್ತಿ ಆರಿಸಿ. ಹತ್ತು ಎಸಳು ಬೆಳ್ಳುಳ್ಳಿ, ಸ್ವಲ್ಪ ಹುಣಸೆ, ಉಪ್ಪು ಸೇರಿಸಿ ಮಿಕ್ಸರನ್ನು ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಬೆಲ್ಲ ಹಾಕುವ ಅಭ್ಯಾಸ ಇದ್ದರೆ ಈ ಸಲ ಬಿಡಿ. ಒಣಗಿದ ಗಾಜಿನ ಬಾಟಲಿಗೆ ತುಂಬಿ, ಮಾಡಿದ ತಾರೀಖು ಬರೆದು ಅಂಟಿಸಿ. ಅಗಸಿಯ ಎಣ್ಣೆ ಬೇಗ ಕಮಟು ಹಿಡಿಯುತ್ತದೆ, ಫ್ರಿಜ್ಜಿನಲ್ಲಿಟ್ಟು ಎರಡು ಮೂರು ವಾರದಲ್ಲಿ ಮುಗಿಸಿ ಅಂತ ಅತ್ತೆಗೆ ಹೇಳಿ.