ಬಿಲ್ ಬಂದಾಗ ಕೈ ತೊಳೆಯೋಕೆ ಹೋಗುವವರು

ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ನಾಲ್ಕು ಜನ ಕೂತಿದ್ದಾರೆ ಅಂದ್ಕೊಳ್ಳಿ. ಮಾಣಿ ಸೋಂಪಿನ ತಟ್ಟೆಯಲ್ಲಿ ಬಿಲ್ ಇಟ್ಟು ಹೋದ. ಅಷ್ಟು ಹೊತ್ತು ಎಂಜಲು ಕೈಯಲ್ಲೇ ಹರಟೆ ಹೊಡೆಯುತ್ತಿದ್ದ ಒಬ್ಬರಿಗೆ ತಟ್ಟನೆ ಕೈ ತೊಳೆಯಬೇಕು ಅನ್ನಿಸುತ್ತದೆ, ಎದ್ದು ಹೋದವರು ಬಿಲ್ ತೀರುವವರೆಗೂ ನಲ್ಲಿ ಬಿಡೋದಿಲ್ಲ. ಇವರನ್ನು ನಾವೆಲ್ಲ ನೋಡಿದ್ದೇವೆ. ಕರೆಯೋಕೆ ಪದ ಇಲ್ಲ.

ಮುಂಬೈಯಲ್ಲಿ ಜಾಹೀರಾತುಗಳಿಗೆ ಕನ್ನಡ ಬರೆಯುವುದು ನನ್ನ ಹೊಟ್ಟೆಪಾಡು. ಹೊಸ ಪದ ಕಟ್ಟೋದೂ ಅದರಲ್ಲೇ ಬಂತು. ನಾನು ಕಂಡಂತೆ ಜನರ ಬಾಯಿಗೆ ಬೇಗ ಹತ್ತೋದು ಬೈಗುಳದ ಬಾಲ ಇರುವ ಪದ. ಕನ್ನಡದಲ್ಲಿ ಅದಕ್ಕೇನು ಬರವೇ? ತಿಂಡಿಪೋತ, ಜಗಳಗಂಟ, ಅಳುಬುರುಕ, ಲಂಚಕೋರ.

ನನಗೆ ಜಾಸ್ತಿ ಇಷ್ಟ ‘ಗಳ್ಳ’. ಕಳ್ಳನೇ ಅವನು, ಇನ್ನೊಂದು ಪದದ ಹಿಂದೆ ನಿಂತಾಗ ಕ ಹೋಗಿ ಗ ಆಗುತ್ತದೆ, ಶಾಲೆಯಲ್ಲಿ ಬಾಯಿಪಾಠ ಮಾಡಿದ ಆದೇಶ ಸಂಧಿ. ದನಗಳ್ಳ ದನ ಕದಿಯುತ್ತಾನೆ, ಸರಿ. ಆದರೆ ಮೈಗಳ್ಳ ಯಾರ ಮೈಯನ್ನೂ ಕದಿಯೋದಿಲ್ಲ, ತನ್ನ ಮೈಯನ್ನೇ ಕೆಲಸದಿಂದ ಬಚ್ಚಿಡುತ್ತಾನೆ. ತೆರಿಗೆಗಳ್ಳನೂ ಹಾಗೇ, ಕೊಡಬೇಕಾದ್ದನ್ನು ಕೊಡದೆ ಜಾರಿಕೊಳ್ಳುವವನು. ಅಂದಮೇಲೆ ನಲ್ಲಿ ಹತ್ತಿರ ನಿಂತವರು ಬಿಲ್‌ಗಳ್ಳರೇ ಅಲ್ವಾ? ‘ಬಿಲ್ಲುಗಳ್ಳ’ ಅಂತ ಮಾತ್ರ ಬರೆಯಬೇಡಿ, ಶಿವಧನುಸ್ಸು ಹೊತ್ತುಕೊಂಡು ಓಡಿದವನು ಅನ್ನಿಸಿಬಿಡುತ್ತದೆ.

ಡೊಂಬಿವಲಿ ಲೋಕಲ್ ರೈಲಿನಲ್ಲಿ ತೂಕಡಿಸುತ್ತಾ ಪಕ್ಕದವರ ಮೇಲೆ ತಲೆ ಹಾಕುವವನು ಹೆಗಲುಗಳ್ಳ. ಲೇಡೀಸ್ ಡಬ್ಬದಲ್ಲಿ ಹೆಗಲುಗಳ್ಳಿ. ಚಾಳಿಗೆ ಹೆಗಲುಗಳ್ಳತನ. ಹೀಗೆ ಎಳೆದತ್ತ ಬರುವ ಪದವಾದರೆ ಬಾಳಿಕೆ ಬರುತ್ತದೆ.

ವ್ಯಕ್ತಿಗೆ ಹೆಸರಿಡೋದು ಸುಲಭ, ಸಂದರ್ಭಕ್ಕೆ ಕಷ್ಟ. ಅದೇ ಲೋಕಲ್‌ನಲ್ಲಿ ನಿಂತವರು ಕೂತವರನ್ನು ‘ಕಹಾಂ ಉತರೇಂಗೆ?’ (ಎಲ್ಲಿ ಇಳೀತೀರಿ?) ಅಂತ ಕೇಳುತ್ತಾರೆ, ಅವರು ‘ಘಾಟ್ಕೋಪರ್’ ಅಂದರೆ ಮುಗೀತು, ಆ ಸೀಟು ಕೇಳಿದವರದ್ದು, ನಡುವೆ ಠಾಣೆಯಲ್ಲಿ ಹತ್ತಿದವರು ಎಷ್ಟೇ ಹತ್ತಿರ ನಿಂತಿದ್ದರೂ ಅವರಿಗೆ ದಕ್ಕೋದಿಲ್ಲ. ಇದನ್ನು ‘ಆಸನ ಕಾಯ್ದಿರಿಸುವಿಕೆ’ ಅಂದರೆ ಯಾರೂ ತಿರುಗಿಯೂ ನೋಡೋದಿಲ್ಲ. ನಾನು ‘ಹೇಳಿಟ್ಟ ಸೀಟು’ ಅಂತೀನಿ. ಹಬ್ಬಕ್ಕೆ ಮೊದಲೇ ಹೂವಿನವಳಿಗೆ ಹೇಳಿಡುತ್ತೇವಲ್ಲ, ಆ ‘ಇಡು’ವೇ ಅರ್ಧ ಕೆಲಸ ಮಾಡಿಬಿಡುತ್ತದೆ. ಮೂರು ಜನರ ಸೀಟಿನ ಅಂಚಿನಲ್ಲಿ ನಾಲ್ಕನೆಯವರಾಗಿ ಕೂರೋದಕ್ಕೆ ‘ಫೋರ್ತ್ ಸೀಟ್’ ಇದ್ದೇ ಇದೆ, ಅದರ ತಂಟೆಗೆ ಹೋಗಬೇಡಿ.

ಇಲ್ಲಿನ ಮರಾಠಿ ಗೆಳೆಯರು ಸಾವರ್ಕರ್ ಕಟ್ಟಿದ ‘ದಿಗ್ದರ್ಶಕ’ (ಸಿನಿಮಾ ನಿರ್ದೇಶಕ), ‘ಮಹಾಪೌರ’ (ಮೇಯರ್) ತೋರಿಸಿ, ಸಂಸ್ಕೃತದ ಪದಗಳೂ ನಿಂತವಲ್ಲ ಅಂತ ವಾದಿಸುತ್ತಾರೆ. ನಿಂತವು, ನಿಜ. ಆದರೆ ಅವುಗಳ ಬೆನ್ನಿಗೆ ಪತ್ರಿಕೆ, ಸಿನಿಮಾ, ಪಾಲಿಕೆಯ ಬೋರ್ಡು ಇದ್ದವು. ಬಿಲ್‌ಗಳ್ಳನಿಗೆ ಬೋರ್ಡು ಬರೆಸೋರು ಯಾರು? ಅವನು ಹರಟೆಯಲ್ಲೇ ಬದುಕಬೇಕು.

ಈಗ ಕೈಯಲ್ಲಿರೋದು ವಾಟ್ಸಾಪ್‌ನದ್ದು. ‘ಟೈಪಿಂಗ್’ ಅಂತ ಸುಮಾರು ಹೊತ್ತು ತೋರಿಸಿ ಕೊನೆಗೆ ಏನೂ ಬರೋದಿಲ್ಲವಲ್ಲ, ಅದಕ್ಕೆ. ಮಾತು ನುಂಗೋದು ಕನ್ನಡದಲ್ಲಿ ಮೊದಲಿಂದಲೂ ಇದೆ, ಹಾಗಾಗಿ ‘ನುಂಗಿದ ಮೆಸೇಜ್’ ಅಂತ ಇಟ್ಟೆ. ಆಫೀಸಿನ ಹುಡುಗರು ಒಪ್ಪಿಲ್ಲ, ಓದಿದರೆ ಹಸಿವಾಗುತ್ತದಂತೆ.