ಮೂರು ನಿಮಿಷದ ರೆಕಾರ್ಡಿನಿಂದ ಒಂದು ತಾಸಿನ ಖ್ಯಾಲಿನವರೆಗೆ

ಹಿಂದುಸ್ತಾನಿ ಹಾಡು ಕಲಿಯಲು ಬರುವವರ ಜೊತೆಗೆ ಈಚೆಗೆ ಬರೀ ಕೇಳುವುದನ್ನು ಕಲಿಯಬೇಕು ಎಂದು ಬರುವವರೂ ಇದ್ದಾರೆ. ನಿವೃತ್ತರಾದ ಶಿಕ್ಷಕರು, ಬ್ಯಾಂಕಿನವರು, ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವ ಹುಡುಗ ಹುಡುಗಿಯರು. ಎಲ್ಲರ ಬಾಯಲ್ಲೂ ಸುಮಾರಾಗಿ ಒಂದೇ ಮಾತು: "ಸರ, ಕೇಳಾಕ ಛಲೋ ಅನಸ್ತದ, ಆದ್ರ ಯಾವ ರಾಗ ಅಂತ ತಿಳಿಯಂಗಿಲ್ರೀ."

ರಾಗದ ಹೆಸರು ತಿಳಿಯದಿದ್ದರೆ ಕೇಳುವ ಅರ್ಹತೆಯೇ ಇಲ್ಲ ಎಂಬ ಅಂಜಿಕೆ ನಮ್ಮ ಸಭೆಗಳಲ್ಲಿ ಎಷ್ಟು ಜನರನ್ನು ಹಿಂದಿನ ಸಾಲಿಗೆ ತಳ್ಳಿದೆಯೋ ಲೆಕ್ಕವಿಲ್ಲ. ಪಕ್ಕದಲ್ಲಿ ಕೂತವರು ಗಾಯಕರು ಬಾಯಿ ತೆರೆಯುತ್ತಲೇ "ಮಾರವಾ" ಎಂದು ಪಿಸುಗುಟ್ಟುತ್ತಾರೆ, ಇವರು ಇನ್ನಷ್ಟು ಕುಗ್ಗುತ್ತಾರೆ. ರಾಗ ಗುರುತಿಸುವುದು ಕೇಳ್ಮೆಯ ಫಲ. ಕೇಳಿ ಕೇಳಿ ತಾನಾಗಿ ಬರುವಂಥದ್ದು. ಅದನ್ನೇ ಬಾಗಿಲಲ್ಲಿ ನಿಲ್ಲಿಸಿ ಪ್ರವೇಶ ಪರೀಕ್ಷೆ ಮಾಡಬಾರದು.

ನನ್ನ ಕ್ರಮ ಬೇರೆ. ಮೊದಲ ವಾರಗಳಲ್ಲಿ ಒಂದೇ ಒಂದು ರೆಕಾರ್ಡ್ ಕೊಡುತ್ತೇನೆ: ಉಸ್ತಾದ್ ಅಬ್ದುಲ್ ಕರೀಂ ಖಾನರು ಹಾಡಿದ ಝಿಂಝೋಟಿ ರಾಗದ ಠುಮ್ರಿ (ಭಾವಪ್ರಧಾನವಾದ ಹಗುರ ಶೈಲಿಯ ಹಾಡು), 'ಪಿಯಾ ಬಿನ್ ನಹೀಂ ಆವತ್ ಚೈನ್'. ಸುಮಾರು ಮೂರು ನಿಮಿಷ. ದಿನಕ್ಕೆರಡು ಸಲ ಕೇಳಿ, ಬೇರೇನೂ ಕೇಳಬೇಡಿ ಎನ್ನುತ್ತೇನೆ. ಮೊದಲ ಸಲ ಕೇಳಿದವರಿಗೆ ಕರಕರ ಸದ್ದು, ಎತ್ತರದ ತೆಳು ದನಿ, ಇಷ್ಟೇ ಸಿಗುತ್ತದೆ. ನಾಲ್ಕೈದು ದಿನಕ್ಕೆ ಸದ್ದು ಹಿಂದೆ ಸರಿಯುತ್ತದೆ. ಆಗ ಖಾನ್ ಸಾಹೇಬರು 'ಪಿಯಾ' ಎಂಬ ಎರಡಕ್ಷರವನ್ನು ಎಷ್ಟು ಬಗೆಯಲ್ಲಿ ಕರೆಯುತ್ತಾರೆ ಎಂಬುದು ಕಾಣತೊಡಗುತ್ತದೆ. ಒಂದು ಸಲ ಸ್ವರದ ಮೇಲೆ ನೇರವಾಗಿ ನಿಲ್ಲುತ್ತಾರೆ, ಇನ್ನೊಂದು ಸಲ ಮೇಲಿನಿಂದ ಜಾರಿ ಬರುತ್ತಾರೆ, ಮತ್ತೊಮ್ಮೆ ಮುಟ್ಟಿಯೂ ಮುಟ್ಟದಂತೆ ಬಿಟ್ಟುಬಿಡುತ್ತಾರೆ. ಇದನ್ನು ಹಿಡಿಯಲು ಝಿಂಝೋಟಿಯ ಆರೋಹ ಅವರೋಹ (ಸ್ವರಗಳು ಏರುವ ಇಳಿಯುವ ಕ್ರಮ) ಗೊತ್ತಿರಬೇಕಾಗಿಲ್ಲ. ಆದರೆ ಇದನ್ನು ಹಿಡಿದವರು ಖ್ಯಾಲಿನ, ಅಂದರೆ ಹಿಂದುಸ್ತಾನಿ ಸಂಗೀತದ ಮುಖ್ಯ ಗಾಯನ ಪ್ರಕಾರದ, ಅರ್ಧ ವ್ಯಾಕರಣವನ್ನು ಆಗಲೇ ಕಲಿತಿರುತ್ತಾರೆ. ಮಾತು ಕಡಿಮೆ, ಅದನ್ನು ಹೇಳುವ ದಾರಿ ಅನೇಕ.

ಇದರ ಜೊತೆಗೇ ತಂಬೂರಿ. ತರಗತಿಯಲ್ಲಿ ಆ್ಯಪ್ ಬಳಸುವುದಿಲ್ಲ, ಮೀರಜದಲ್ಲಿ ಮಾಡಿಸಿದ ತಂಬೂರಿಯನ್ನೇ ಎಲ್ಲರ ನಡುವೆ ಇಟ್ಟು ಶ್ರುತಿ ಮಾಡುತ್ತೇನೆ. ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಪಟ್ಟಿಯ) ಮೇಲೆ ಹಾದು ಹೋಗುವ ತಂತಿಯ ಕೆಳಗೆ ಒಂದು ನೂಲಿನೆಳೆ ಇರುತ್ತದೆ. ಅದನ್ನು ಬೆರಳ ತುದಿಯಿಂದ ಕೂದಲೆಳೆಯಷ್ಟು ಆಚೀಚೆ ಸರಿಸಬೇಕು. ಒಂದು ಜಾಗದಲ್ಲಿ ತಂತಿ ಮೊಂಡಾಗಿ 'ಟಂ' ಎನ್ನುತ್ತದೆ, ತುಸು ಸರಿಸಿದರೆ ಝೇಂಕಾರ ಬಿಚ್ಚಿಕೊಳ್ಳುತ್ತದೆ. ಇದೇ ಜವಾರಿ. ಶ್ರುತಿ ಸರಿಯಾಗಿ ಕೂತಾಗ ಕೊನೆಯ ಖರ್ಜದ (ಕೆಳಗಿನ ಸಾ) ತಂತಿಯಿಂದ ಯಾರೂ ಮೀಟದ ಗಾಂಧಾರವೊಂದು ಮೇಲೇಳುತ್ತದೆ. ಅದನ್ನು ಮೊದಲ ಸಲ ಕೇಳಿದವರ ಮುಖ ನೋಡಬೇಕು! ಸಾ ಮತ್ತು ಪ ಮಾತ್ರ ಮೀಟುತ್ತಿದ್ದೀರಿ, ಗ ಎಲ್ಲಿಂದ ಬಂತು ಎಂದು ತಂಬೂರಿಯ ಸುತ್ತ ಬಗ್ಗಿ ನೋಡುತ್ತಾರೆ. ಕಿರಾಣಾ ಘರಾಣೆಯವರು, ಅಂದರೆ ಅಬ್ದುಲ್ ಕರೀಂ ಖಾನರ ಪರಂಪರೆಯ ಗಾಯಕರು, ಸ್ವರಕ್ಕಾಗಿ ಯಾಕೆ ಅಷ್ಟು ಪರಿತಪಿಸುತ್ತಾರೆ ಎಂದು ಆಮೇಲೆ ಬೇರೆ ಭಾಷಣ ಮಾಡಬೇಕಾಗಿ ಬರುವುದಿಲ್ಲ. ಅವರು ಹಾಡಿನುದ್ದಕ್ಕೂ ಹುಡುಕುವುದು ತಂಬೂರಿಯ ಈ ನಾದದೊಳಗೆ ತಮ್ಮ ದನಿ ಪೂರ್ತಿ ಕರಗುವ ಬಿಂದುವನ್ನು.

ಮೂರು ನಿಮಿಷದ ರೆಕಾರ್ಡೇ ಯಾಕೆ ಎಂದು ಕೇಳುವವರಿದ್ದಾರೆ. ಅಲ್ಲಿಂದಲೇ ಇತಿಹಾಸ ಶುರುವಾಗುತ್ತದೆ. 78 ಆರ್‌ಪಿಎಂ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಮೂರು, ಮೂರೂವರೆ ನಿಮಿಷ. ರಾತ್ರಿಯಿಡೀ ಹಾಡಬಲ್ಲ ಗಾಯಕರು ತಮ್ಮ ವಿದ್ಯೆಯ ಸಾರವನ್ನು ಅಷ್ಟರಲ್ಲೇ ಇಡಬೇಕಾಯಿತು. 1902ರಲ್ಲಿ ಕಲ್ಕತ್ತೆಯಲ್ಲಿ ಮೊದಲ ಧ್ವನಿಮುದ್ರಣಗಳಿಗೆ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ, ಅಲ್ಲಿನ ಕೆಲಸಗಾರರಿಗೆ ಯಾರ ಹಾಡು ಎಂದು ಗೊತ್ತಾಗಬೇಕಿತ್ತು. ಆ ಮಹಾ ಗಾಯಕಿ ಕೊನೆಯ ದಿನಗಳಲ್ಲಿ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ನಮ್ಮ ನೆಲದಲ್ಲಿ ಅವರ ನೆನಪಿಗೆ ಇನ್ನೂ ಹೆಚ್ಚಿನ ಜಾಗ ಸಿಗಬೇಕಿತ್ತು ಎಂಬ ಕೊರಗು ನನಗಿದೆ.

ಹಳೆಯ ರೆಕಾರ್ಡ್ ಕೇಳುವಾಗ ಎರಡು ಎಚ್ಚರಿಕೆ. ಆ ಕಾಲದವರು ಚುಟುಕಾಗಿಯೇ ಹಾಡುತ್ತಿದ್ದರು ಎಂದು ತಿಳಿಯಬೇಡಿ, ಅದು ತಟ್ಟೆಯ ಮಿತಿ. ಇನ್ನೊಂದು, ಇಂಟರ್ನೆಟ್‌ನಲ್ಲಿ ಸಿಗುವ ಪ್ರತಿಗಳಲ್ಲಿ ಶ್ರುತಿಯನ್ನು ಪೂರ್ತಿ ನಂಬುವಂತಿಲ್ಲ. ಹಳೆಯ ತಟ್ಟೆಗಳೆಲ್ಲ ಒಂದೇ ವೇಗದಲ್ಲಿ ಮುದ್ರಣವಾಗಿರಲಿಲ್ಲ. ತಪ್ಪು ವೇಗದಲ್ಲಿ ತಿರುಗಿಸಿ ಪ್ರತಿ ಮಾಡಿದಾಗ ದನಿ ಇನ್ನಷ್ಟು ಎತ್ತರವಾಗುತ್ತದೆ, ತಾನುಗಳು (ವೇಗದ ಸ್ವರಗುಚ್ಛಗಳು) ಅಸಹಜವಾಗಿ ಓಡುತ್ತವೆ. ಸಾಧ್ಯವಾದರೆ ಎರಡು ಮೂರು ಪ್ರತಿ ಹೋಲಿಸಿ ಕೇಳಿ.

ಇದೇ ಠುಮ್ರಿಯ ರೆಕಾರ್ಡ್ ಕೇಳಿ ಗದಗಿನ ಬಾಲಕ ಭೀಮಸೇನನಿಗೆ ಸಂಗೀತದ ಹುಚ್ಚು ಹತ್ತಿತು, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೊರಟ ಎಂಬುದು ಎಲ್ಲರಿಗೂ ಗೊತ್ತಿರುವ ಕತೆ. ಉತ್ತರದ ಊರುಗಳನ್ನೆಲ್ಲ ಸುತ್ತಿ ಕೊನೆಗೆ ಗುರು ಸಿಕ್ಕಿದ್ದು ಮನೆಯ ಹತ್ತಿರದ ಕುಂದಗೋಳದಲ್ಲಿ, ಅಬ್ದುಲ್ ಕರೀಂ ಖಾನರ ಶಿಷ್ಯ ಸವಾಯಿ ಗಂಧರ್ವರು. ಹಾಗಾಗಿ ಖಾನ್ ಸಾಹೇಬರ ನಂತರ ನಾನು ಕೊಡುವುದು ಸವಾಯಿ ಗಂಧರ್ವರ ಭೈರವಿ, 'ಬಿನ ದೇಖೇ ಪಡೇ ನಹೀಂ ಚೈನ್'. ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳಿಂದ ಹೆಸರಾದ ಗಾಯಕರ ನಾಟಕೀಯ ಸೊಗಸು ಅದರಲ್ಲಿದೆ. ಆಮೇಲೆ ಭೀಮಸೇನ ಜೋಶಿ, ಆಮೇಲೆ ಗಂಗೂಬಾಯಿ ಹಾನಗಲ್. ಗಂಗೂಬಾಯಿಯವರದ್ದು ಎರಡು ಕಾಲದ ದನಿ ಕೇಳಿಸುತ್ತೇನೆ. 1930ರ ದಶಕದ ತಟ್ಟೆಗಳಲ್ಲಿ ತೆಳುವಾದ, ಎತ್ತರದ ಹೆಣ್ಣುದನಿ. ಮುಂದೆ ಗಂಟಲಿನ ಚಿಕಿತ್ಸೆಯ ನಂತರ ನಮಗೆಲ್ಲ ಪರಿಚಿತವಾದ ಆ ಗಂಭೀರ, ಭಾರದ ದನಿ. ಒಬ್ಬರದೇ ಎರಡೂ ಎಂದರೆ ನಂಬುವುದು ಕಷ್ಟ. ದನಿ ಬದಲಾದರೂ ಸ್ವರವನ್ನು ಒಂದೊಂದಾಗಿ ಬೆಳೆಸುವ ರೀತಿ ಬದಲಾಗಲಿಲ್ಲ ಎಂಬುದನ್ನು ಗಮನಿಸಿ ಎನ್ನುತ್ತೇನೆ. ಘರಾಣೆ ಎಂದರೆ ಏನು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪಾಠ ನನಗೆ ಗೊತ್ತಿಲ್ಲ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಕಲಿತ ಆ ಹೆಣ್ಣುಮಗಳ ನಿಷ್ಠೆಯನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ.

ದಿಲ್ಲಿ, ಗ್ವಾಲಿಯರ್ ಕಡೆಯ ಖ್ಯಾಲು ನಮ್ಮ ಧಾರವಾಡಕ್ಕೆ ಹೇಗೆ ಬಂತು? ನೀರು ಚಲೋ, ಹವಾ ಚಲೋ ಎಂಬ ಉತ್ತರ ಕೇಳುತ್ತಲೇ ಇರುತ್ತೇವೆ, ನನಗದು ಸಾಲದು. ಕಾರಣಗಳು ರೈಲ್ವೆ ನಕ್ಷೆಯಲ್ಲಿವೆ, ಆಡಳಿತದ ನಕ್ಷೆಯಲ್ಲಿವೆ. ಆಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಮರಾಠಿ ನಾಟಕ ಕಂಪನಿಗಳು ಇಲ್ಲಿ ತಿಂಗಳುಗಟ್ಟಲೆ ಬಿಡಾರ ಹೂಡುತ್ತಿದ್ದವು, ನಾಟಕದ ಹಾಡಿನ ಬೆನ್ನಿಗೆ ರಾಗ ಬರುತ್ತಿತ್ತು. ದಕ್ಷಿಣದಲ್ಲಿ ಮೈಸೂರಿನ ಒಡೆಯರ ದರ್ಬಾರು ಕರ್ನಾಟಕ ಸಂಗೀತದ ವಿದ್ವಾಂಸರಷ್ಟೇ ಗೌರವದಿಂದ ಉತ್ತರದ ಉಸ್ತಾದರನ್ನೂ ಕರೆಸುತ್ತಿತ್ತು. ಆಗ್ರಾ ಘರಾಣೆಯ ನತ್ಥನ್ ಖಾನರು ಅಲ್ಲಿದ್ದರು, ಫೈಯಾಜ್ ಖಾನರಿಗೆ 'ಆಫ್ತಾಬ್-ಎ-ಮೌಸೀಕಿ' ಎಂಬ ಬಿರುದು ಕೊಟ್ಟಿದ್ದು ಮೈಸೂರೇ. ಮುಂಬಯಿ, ಪುಣೆ, ಮೀರಜ ಕಡೆಯಿಂದ ಮೈಸೂರಿಗೆ ಹೋಗುವವರ ದಾರಿಯಲ್ಲಿ ನಮ್ಮ ಹುಬ್ಬಳ್ಳಿ, ಧಾರವಾಡ ಬೀಳುತ್ತಿದ್ದವು. ಕಲಾವಿದರು ಇಳಿಯುತ್ತಿದ್ದರು, ವಾಡೆಗಳಲ್ಲಿ ಬೈಠಕ್ (ಸಣ್ಣ ಸಂಗೀತ ಕೂಟ) ಆಗುತ್ತಿದ್ದವು, ಕೆಲವರು ನಿಂತು ಕಲಿಸಿದರು.

ಅಬ್ದುಲ್ ಕರೀಂ ಖಾನರು ಈ ಓಡಾಟದಿಂದ ಪಡೆದದ್ದೂ ಇದೆ. ಮೈಸೂರು, ಮದ್ರಾಸುಗಳಲ್ಲಿ ಕರ್ನಾಟಕ ಸಂಗೀತವನ್ನು ಗಮನವಿಟ್ಟು ಕೇಳಿದರು. ತ್ಯಾಗರಾಜರ ಖರಹರಪ್ರಿಯ ಕೃತಿ 'ರಾಮ ನೀ ಸಮಾನಮೆವರು' ಅವರ ದನಿಯಲ್ಲಿ ಮುದ್ರಣವಾಗಿದೆ. ಕಿರಾಣಾ ಗಾಯಕರು ಖ್ಯಾಲಿನ ನಡುವೆ 'ಸಾ ರೆ ಗ ಮ' ಎಂದು ಸರಗಮ್ ಹಾಡುವಾಗ ಕರ್ನಾಟಕ ಸಂಗೀತದಲ್ಲಿ ಅಲ್ಲೇ ಕಟ್ಟಿ ಹಾಡುವ ನಮ್ಮ ಕಲ್ಪನಾ ಸ್ವರದ ನೆರಳು ಕಾಣುವುದು ಈ ಕಾರಣಕ್ಕೆ. ಕರ್ನಾಟಕ ಸಂಗೀತದ ಹಿನ್ನೆಲೆಯಿಂದ ಬಂದ ಶಿಷ್ಯರಿಗೆ ಈ ರೆಕಾರ್ಡ್ ಹಾಕಿದಾಗ ಹಿಂದುಸ್ತಾನಿ ಪರಕೀಯ ಎಂಬ ಭಾವನೆ ಅಲ್ಲಿಗೇ ಕರಗುತ್ತದೆ.

ಇಷ್ಟಾದ ಮೇಲೆ ಉದ್ದದ ಖ್ಯಾಲು. ಇಲ್ಲಿ ಹೆಚ್ಚಿನವರು ದಾರಿ ತಪ್ಪುವುದು ರಾಗದಲ್ಲಲ್ಲ, ತಾಲದಲ್ಲಿ. ವಿಲಂಬಿತ್ (ನಿಧಾನ ಗತಿಯ) ಏಕತಾಲದ ಹನ್ನೆರಡು ಮಾತ್ರೆಗಳ ಒಂದು ಆವರ್ತನಕ್ಕೆ, ಅಂದರೆ ಒಂದು ಸುತ್ತಿಗೆ, ಮುಕ್ಕಾಲು ನಿಮಿಷ, ಕೆಲವರು ಹಾಡಿದರೆ ಅದಕ್ಕೂ ಹೆಚ್ಚು ಬೇಕು. ಹೊಸಬರಿಗೆ ಅದು ಸುತ್ತುತ್ತಿದೆ ಎಂಬುದೇ ತಿಳಿಯುವುದಿಲ್ಲ. ಹಾಗಾಗಿ ಮೊದಲು ಮಧ್ಯಲಯದ ತೀನ್‌ತಾಲ ತೆಗೆದುಕೊಳ್ಳಿ. ಬೆರಳೆಣಿಕೆ ಬೇಡ, ತಬಲಾದ ಎಡಗೈಯನ್ನು ಕೇಳಿ, ಅಂದರೆ ಡಗ್ಗಾ. ಹದಿನಾರು ಮಾತ್ರೆ ಹೀಗೆ ಸಾಗುತ್ತವೆ: ಧಾ ಧಿಂ ಧಿಂ ಧಾ, ಧಾ ಧಿಂ ಧಿಂ ಧಾ, ಧಾ ತಿಂ ತಿಂ ತಾ, ತಾ ಧಿಂ ಧಿಂ ಧಾ. ಮೊದಲ ಎಂಟರಲ್ಲಿ ಡಗ್ಗಾದ ಗುಂಯ್ ಎನ್ನುವ ತುಂಬು ನಾದ ಬರುತ್ತಲೇ ಇರುತ್ತದೆ. 'ತಿಂ ತಿಂ ತಾ' ಬರುವಾಗ ಆ ನಾದ ತೆಗೆದಿಟ್ಟಂತೆ ಮಾಯವಾಗುತ್ತದೆ, ಬಲಗೈಯ ಒಣ ಪೆಟ್ಟು ಮಾತ್ರ ಉಳಿಯುತ್ತದೆ. ಅದು ಖಾಲಿಯ ಭಾಗ. ಹದಿನಾಲ್ಕನೆಯ ಮಾತ್ರೆಗೆ ಡಗ್ಗಾ ಮರಳಿ ಬಂತೆಂದರೆ ಸಮ, ಅಂದರೆ ಆವರ್ತನದ ಮೊದಲ ಮಾತ್ರೆ, ಹತ್ತಿರವಾಯಿತು. ಗಾಯಕರು ಬಂದಿಶಿನ (ಹಾಡುವ ರಚನೆಯ) ಮುಖಡಾ, ಅಂದರೆ ಅದರ ಮೊದಲ ತುಂಡು, ಎತ್ತಿಕೊಳ್ಳುತ್ತಾರೆ, ಅದರ ಯಾವುದೋ ಒಂದು ಅಕ್ಷರ ಸಮದ ಧಾ ಮೇಲೆ ಬಂದು ಕೂರುತ್ತದೆ. ಆ ಅಕ್ಷರ ಯಾವುದು ಎಂದು ಪತ್ತೆ ಮಾಡಿಟ್ಟುಕೊಳ್ಳಿ, ಉಳಿದ ಹಾಡಿಗೆಲ್ಲ ಅದೇ ನಿಮ್ಮ ಮನೆ. ಗಾಯಕರು ಎಷ್ಟು ದೂರ ಹೋದರೂ ಅಲ್ಲಿಗೆ ಮರಳಬೇಕು. ಹೇಗೆ ಮರಳುತ್ತಾರೆ ಎಂದು ಕಾಯತೊಡಗಿದ ಕ್ಷಣದಿಂದ ನೀವು ರಸಿಕರು. ಸಭೆಯಲ್ಲಿ ಎಲ್ಲರ ತಲೆ ಒಟ್ಟಿಗೆ ತೂಗುವುದು, "ವಾಹ್" ಬೀಳುವುದು ಈ ಜಾಗದಲ್ಲೇ.

ಮಲ್ಲಿಕಾರ್ಜುನ ಮನಸೂರರನ್ನು ನಾನು ಈ ಪಾಠದ ನಂತರವೇ ಕೇಳಿಸುವುದು. ಧಾರವಾಡದ ಪಕ್ಕದ ಮನಸೂರ ಗ್ರಾಮದ ಹುಡುಗ, ನೀಲಕಂಠಬುವಾ ಮೀರಜಕರರಲ್ಲಿ ಗ್ವಾಲಿಯರ್ ಪದ್ಧತಿ ಕಲಿತು, ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನರಲ್ಲಿ ಜೈಪುರ್-ಅತ್ರೌಲಿ ಘರಾಣೆಯ ಗಾಯಕಿಯನ್ನು (ಹಾಡುವ ಶೈಲಿಯನ್ನು) ಕಲಿತವರು. ಕಿರಾಣಾದವರಂತೆ ಒಂದೊಂದು ಸ್ವರದ ಮುಂದೆ ನಿಂತು ಧ್ಯಾನಿಸುವುದು ಇವರ ಸ್ವಭಾವವಲ್ಲ. ಮೊದಲ ಆವರ್ತನದಿಂದಲೇ ಲಯದ ಬೆನ್ನೇರಿ, ಒಂದು ಸುತ್ತಿನೊಳಗೆ ಇನ್ನೊಂದು ಸುತ್ತು ಹೊಸೆಯುತ್ತಾ, ಉಸಿರು ಎಲ್ಲಿ ತೆಗೆದುಕೊಂಡರೋ ಗೊತ್ತಾಗದಂತೆ ಸಮಕ್ಕೆ ಬಂದು ಇಳಿಯುತ್ತಾರೆ. ಖಟ್, ನಟ್ ಬಿಹಾಗ್‌ನಂಥ ಅಪರೂಪದ ರಾಗಗಳನ್ನು ಅವರಷ್ಟು ಸಲೀಸಾಗಿ ಹಾಡಿದವರು ಕಡಿಮೆ. ತಾಲ ತಿಳಿಯದೆ ಇದನ್ನು ಕೇಳಿದರೆ ಬರೀ ವೇಗ, ತಿಳಿದು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಹಿಂದಿ, ಬ್ರಜದ ಸಾಹಿತ್ಯ ಅರ್ಥವಾಗುವುದಿಲ್ಲ ಎಂದು ಹಿಂಜರಿಯುವವರಿಗೆ ಮನಸೂರರು ಹಾಡಿದ ಅಕ್ಕಮಹಾದೇವಿಯ ವಚನ 'ಅಕ್ಕ ಕೇಳವ್ವಾ'ದಿಂದ ಶುರು ಮಾಡಿಸುತ್ತೇನೆ. ಮಾತು ನಮ್ಮದು, ಗಾಯಕಿ ಜೈಪುರದ್ದು.

ರಾಗದ ಹೆಸರು ಈಗ ಬರಲಿ. ಅದಕ್ಕೆ ನಾನು ಆರಿಸುವ ಜೋಡಿ ಭೂಪ್ ಮತ್ತು ದೇಶಕಾರ್. ಎರಡರಲ್ಲೂ ಅವೇ ಐದು ಸ್ವರ: ಸಾ ರೆ ಗ ಪ ಧ. ಕರ್ನಾಟಕ ಸಂಗೀತದ ಮೋಹನವೂ ಇವೇ ಸ್ವರಗಳದ್ದು, 'ವರವೀಣಾ ಮೃದುಪಾಣಿ' ಗೀತೆ ಕಲಿತವರಿಗೆಲ್ಲ ಇದು ಬಾಲ್ಯದ ಗೆಳೆಯ. ಸ್ವರಪಟ್ಟಿ ನೋಡಿದರೆ ಭೂಪ್, ದೇಶಕಾರ್‌ಗಳ ನಡುವೆ ವ್ಯತ್ಯಾಸವೇ ಇಲ್ಲ. ಹಾಡಿದಾಗ ಭೂಪ್ ಗಾಂಧಾರದಲ್ಲಿ ನೆಲೆ ನಿಲ್ಲುತ್ತದೆ, ಕೆಳಗಿನ ಧೈವತದಿಂದ ಸಾ ರೆ ಗ ಎಂದು ಮೇಲೇರಿ ಅಲ್ಲೇ ವಿಶ್ರಮಿಸುತ್ತದೆ. ಅದು ಸಂಜೆ ಕಳೆದ ಮೇಲಿನ ರಾಗ. ದೇಶಕಾರ್ ಬೆಳಗಿನದು. ಅದರ ಜೀವ ಧೈವತದಲ್ಲಿ, ಓಡಾಟವೆಲ್ಲ ಸಪ್ತಕದ ಮೇಲ್ಭಾಗದಲ್ಲಿ, ಗಾಂಧಾರವನ್ನು ಹಗುರಾಗಿ ದಾಟಿಬಿಡುತ್ತದೆ. ದೇಶಕಾರ್ ಹಾಡುತ್ತಾ ಮರೆತು ಗಾಂಧಾರದ ಮೇಲೆ ತುಸು ಹೆಚ್ಚು ನಿಂತರೆ ಸಾಕು, ಬೆಳಗಿನ ಬೈಠಕ್‌ನಲ್ಲಿ ಭೂಪ್ ಬಂದು ಕೂರುತ್ತದೆ. ಇವೆರಡನ್ನೂ ಒಂದರ ಹಿಂದೊಂದು ಹತ್ತಾರು ಸಲ ಕೇಳಿದವರಿಗೆ ರಾಗವೆಂದರೆ ಸ್ವರಗಳ ಪಟ್ಟಿಯಲ್ಲ, ನಡಿಗೆ ಎಂಬುದು ಕಿವಿಗೇ ತಿಳಿಯುತ್ತದೆ. ದೂರದಲ್ಲಿ ಬರುತ್ತಿರುವ ಪರಿಚಿತರನ್ನು ಮುಖ ಕಾಣುವ ಮೊದಲೇ ನಡಿಗೆಯಿಂದ ಗುರುತಿಸುತ್ತೇವಲ್ಲ, ಹಾಗೆ.

ನೇರ ಕಛೇರಿಗೆ ಹೋಗುವುದನ್ನು ಮಾತ್ರ ಮುಂದೂಡಬೇಡಿ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ಅಹೋರಾತ್ರಿ ಸಂಗೀತ ನಡೆಯುತ್ತದೆ. ಧಾರವಾಡ, ಹುಬ್ಬಳ್ಳಿ, ಗದಗಗಳಲ್ಲಿ ಸಣ್ಣ ಬೈಠಕ್‌ಗಳಿಗೆ ಕೊರತೆಯಿಲ್ಲ, ಬಹುತೇಕ ಕಡೆ ಟಿಕೆಟ್ಟೂ ಇರುವುದಿಲ್ಲ. ಸಾಧ್ಯವಾದರೆ ತಬಲಾದವರ ಎಡಗೈ ಕಾಣುವ ಕಡೆ ಕೂತುಕೊಳ್ಳಿ. ಕಾರ್ಯಕ್ರಮದ ಹೊತ್ತಿಗಿಂತ ಅರ್ಧ ತಾಸು ಮೊದಲೇ ಹೋಗಿ, ತಂಬೂರಿ ಕೂಡಿಸುವುದನ್ನೂ ಕೇಳಬಹುದು.